ಗ್ಯಾರೇಜ್ ಪ್ರಶ್ನೋತ್ತರ: ಮನೇಲಿ ಕಟ್ಟಿದ ಸ್ಪೋರ್ಟ್ಸ್ ಕಾರಿಗೆ ಎಂಥ ಡ್ಯಾಂಪರ್ ಹಾಕೋದು?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವನು, ಈಗ ಇಂಗ್ಲೆಂಡಿನ ಕವೆಂಟ್ರೀಲಿ ಇದೀನಿ. ಮನೆ ಪಕ್ಕದ ಗ್ಯಾರೇಜಲ್ಲಿ ಲೋಟಸ್ ಸೆವೆನ್ ಮಾದರಿದೊಂದು ಕಾರ್ ಕಟ್ತಾ ಇದೀನಿ, ಇಲ್ಲಿ ಇಂಥ ಕಾರಿಗೆ ಲೋಕಾಸ್ಟ್ ಅಂತಾರೆ. ಚಾಸಿ ನಾನೇ ಚೌಕ ಪೈಪ್ ಕೊಯ್ದು ವೆಲ್ಡ್ ಮಾಡಿದ್ದು, ಇಂಜಿನ್ನು, ಹಿಂದಿನ ಆಕ್ಸಲ್ಲು ಹಳೇ ಫೋರ್ಡ್ ಎಸ್ಕಾರ್ಟಿಂದು, ಮುಂದೆ ಡಬಲ್ ವಿಶ್‌ಬೋನ್, ಅಂದ್ರೆ ಚಕ್ರ ಹಿಡಿಯೋ ಮೇಲೊಂದು ಕೆಳಗೊಂದು ತೋಳು, ಅಪ್‌ರೈಟ್, ಅಂದ್ರೆ ಚಕ್ರದ ಹಬ್ ಕೂರೋ ಭಾಗ, ಫೋರ್ಡ್ ಕಾರ್ಟಿನಾದ್ದು. ಈಗ ಡ್ಯಾಂಪರ್, ಅಂದ್ರೆ ಶಾಕ್ ಅಬ್ಸಾರ್ಬರ್, ತಗೊಳ್ಳೋ ಹಂತಕ್ಕೆ ಬಂದಿದೀನಿ, ಅಲ್ಲೇ ನಿಂತುಬಿಟ್ಟಿದೀನಿ. ಪ್ರೋಟೆಕ್, ಗ್ಯಾಝ್, ಏವಿಓ, ನೈಟ್ರಾನ್, ಬಿಲ್‌ಸ್ಟೈನ್, ಒಂದೊಂದಕ್ಕೂ ಒಂದೊಂದು ರೇಟು, ಒಬ್ಬರು ಗಟ್ಟಿಯಾಗಿರೋದು ಹಾಕು ಅಂದ್ರೆ ಇನ್ನೊಬ್ಬರು ಬಿಗಿ ಸಡಿಲ ಮಾಡಕ್ಕೆ ಎರಡು ನಾಬ್ ಇರೋದೇ ಬೇಕು ಅಂತಾರೆ. ವಾರದ ಕೊನೇಲಿ ಹೆಂಡತಿ ಜೊತೆ ಹಳ್ಳಿ ರಸ್ತೇಲಿ ಓಡಿಸೋದು, ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್ ಡೇ, ಅಷ್ಟೇ ನನ್ನ ಉಪಯೋಗ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಒಂದು ಮಾತು, ಚಾಸಿ ನೀವೇ ವೆಲ್ಡ್ ಮಾಡಿದೀರ ಅಂತ ಓದಿ ನಿಜವಾಗ್ಲೂ ಖುಷಿ ಆಯ್ತು. ಸೆವೆನ್ ಅನ್ನೋ ಕಾರೇ ಹಾಗೆ, 1957ರಲ್ಲಿ ಕಾಲಿನ್ ಚಾಪ್ಮನ್ ಅದನ್ನ ಹೊರಗೆ ತಂದಾಗಿಂದ ಬಿಡಿಭಾಗ ತಗೊಂಡು ಮನೇಲೇ ಜೋಡಿಸ್ಕೊಳ್ಳೋದು ಅದರ ಹುಟ್ಟುಗುಣ, 1973ರಲ್ಲಿ ಕೇಟರ್‌ಹ್ಯಾಂ ಅದರ ಹಕ್ಕು ತಗೊಂಡ ಮೇಲೂ ಆ ಪದ್ಧತಿ ನಿಂತಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನೀವು ಬರೆದಿರೋ ಬ್ರ್ಯಾಂಡುಗಳ ಹೆಸರನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಡ್ಯಾಂಪರ್ ಯಾವುದು ಅನ್ನೋದು ಸ್ಪ್ರಿಂಗ್ ಮೇಲೆ ನಿಂತಿದೆ, ಸ್ಪ್ರಿಂಗ್ ಎಷ್ಟು ಅನ್ನೋದು ಕಾರಿನ ಆ ಮೂಲೆ, ಅಂದ್ರೆ ಆ ಚಕ್ರದ ಮೇಲೆ ಎಷ್ಟು ಭಾರ ಕೂತಿದೆ ಅನ್ನೋದರ ಮೇಲೆ, ಆಮೇಲೆ ಡ್ಯಾಂಪರ್ ಎಲ್ಲಿ ಯಾವ ಕೋನದಲ್ಲಿ ನಿಂತಿದೆ ಅನ್ನೋದರ ಮೇಲೆ. ಇಷ್ಟು ಗೊತ್ತಿಲ್ಲದೆ ದುಡ್ಡು ಕೊಟ್ರೆ ಅತಿ ದುಬಾರಿ ಡ್ಯಾಂಪರೂ ನಿಮ್ಮ ಕಾರಲ್ಲಿ ಕಬ್ಬಿಣದ ಸರಳಿನ ಥರ ಕೂತಿರುತ್ತೆ. ಇದು ಗೊತ್ತಿದ್ರೆ ಮಧ್ಯಮ ಬೆಲೆದೂ ಅದ್ಭುತವಾಗಿ ಕೆಲಸ ಮಾಡುತ್ತೆ, ಇದನ್ನ ನಾನು ಪೂರ್ತಿ ನಂಬಿಕೆಯಿಂದ ಹೇಳ್ತೀನಿ.

ನಿಮ್ಮ ಕಾರು ಎಷ್ಟು ಹಗುರ ಅನ್ನೋದನ್ನ ಮರೀಬೇಡಿ. ನಮ್ಮ ಹಳೇ ಮಾರುತಿ 800 ಖಾಲಿ ಇದ್ದಾಗಲೇ 650 ಕೆಜಿ ಆಸುಪಾಸು, ನಿಮ್ಮ ಕಾರು ನೀವು ಒಳಗೆ ಕೂತ್ಕೊಂಡ ಮೇಲೆ 600 ಕೆಜಿ ಅಂತಿಟ್ಕೊಳ್ಳೋಣ. ಅದರಲ್ಲಿ ಮುಂದೆ 45 ಭಾಗ ಹಿಂದೆ 55 ಭಾಗ ಅಂದ್ರೆ ಮುಂದಿನ ಒಂದೊಂದು ಚಕ್ರದ ಮೇಲೆ 135 ಕೆಜಿ. ಅದರಲ್ಲಿ ಚಕ್ರ, ಟೈರು, ಬ್ರೇಕು, ಆ ಕಾರ್ಟಿನಾ ಅಪ್‌ರೈಟು, ಅರ್ಧ ವಿಶ್‌ಬೋನು, ಎಲ್ಲ ಸೇರಿ 28 ಕೆಜಿ ಕಳೀರಿ, ಯಾಕಂದ್ರೆ ಅದು ಸ್ಪ್ರಿಂಗಿನ ಕೆಳಗಿರೋ ಭಾರ. ಉಳಿದಿದ್ದು 107 ಕೆಜಿ. ನಿಮ್ಮ ಮುಂದಿನ ಸ್ಪ್ರಿಂಗ್ ಹೊರಬೇಕಾದ್ದು ಇಷ್ಟೇ. ಇದಕ್ಕಿಂತ ತುಂಬಾ ಭಾರದ ಕಾರಿಗೆ ಅಂತ ಒಳಗಡೆ ವಾಲ್ವ್ ಜೋಡಿಸಿರೋ ಡ್ಯಾಂಪರನ್ನ ಇದಕ್ಕೆ ಹಾಕಿದ್ರೆ ಚಕ್ರ ನೆಲಾನ ಹಿಂಬಾಲಿಸೋದಿಲ್ಲ, ಒಂದು ಉಬ್ಬಿಂದ ಇನ್ನೊಂದು ಉಬ್ಬಿಗೆ ಜಿಗೀತಾ ಹೋಗುತ್ತೆ, ನಿಮಗೆ ಅದು "ಸ್ಪೋರ್ಟಿ" ಅನ್ನಿಸಬಹುದು ಆದ್ರೆ ಟೈರು ಗಾಳೀಲಿದ್ರೆ ಹಿಡಿತ ಎಲ್ಲಿಂದ ಬರ್ಬೇಕು?

ಸ್ಪ್ರಿಂಗ್ ಎಷ್ಟು ಗಟ್ಟಿ ಇರ್ಬೇಕು ಅನ್ನೋದನ್ನ ಕಾರಿನ ಮೈ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತೆ ಅನ್ನೋ ಲೆಕ್ಕದಲ್ಲಿ ಯೋಚನೆ ಮಾಡೋದು ಸುಲಭ. ಸಾಧಾರಣ ಮನೆ ಬಳಕೆ ಕಾರು 1ರಿಂದ 1.3 ಹರ್ಟ್ಜ್, ರಸ್ತೇಲಿ ಓಡೋ ಸ್ಪೋರ್ಟ್ಸ್ ಕಾರು 1.5ರಿಂದ 2ರ ಒಳಗೆ, ಪೂರ್ತಿ ಟ್ರ್ಯಾಕಿನ ಕಾರು ಅದಕ್ಕೂ ಮೇಲೆ. ನಿಮ್ಮ ಬಳಕೆಗೆ ನಾನು ಮುಂದೆ 1.6, ಹಿಂದೆ 1.7 ಅಂತ ಹೇಳ್ತೀನಿ. 107 ಕೆಜಿಗೆ 1.6 ಹರ್ಟ್ಜ್ ಬೇಕಂದ್ರೆ ಚಕ್ರದ ಹತ್ರ ಪ್ರತಿ ಮಿ.ಮೀ.ಗೆ ಸುಮಾರು 10.8 ನ್ಯೂಟನ್ ಗಡಸು ಸಿಗಬೇಕು. ಚಕ್ರದ ಹತ್ರ ಅಂದೆ, ಗಮನಿಸಿ. ನಿಮ್ಮ ಡ್ಯಾಂಪರ್ ಚಕ್ರದ ಹತ್ರ ಇಲ್ಲ, ಕೆಳಗಿನ ವಿಶ್‌ಬೋನಿನ ಮಧ್ಯ ಎಲ್ಲೋ ಒಂದು ಕಡೆ ಕೂತು ಒಳಗಡೆಗೆ ವಾಲಿಕೊಂಡಿದೆ. ಹಂಗಾಗಿ ಚಕ್ರ 10 ಮಿ.ಮೀ. ಎದ್ರೆ ಡ್ಯಾಂಪರ್ ಆರೋ ಏಳೋ ಮಿ.ಮೀ. ಮಾತ್ರ ಒತ್ತಿಕೊಳ್ಳುತ್ತೆ, ಇದಕ್ಕೆ ಮೋಷನ್ ರೇಷಿಯೋ ಅಂತಾರೆ.

ಇದನ್ನ ಡ್ರಾಯಿಂಗ್ ನೋಡಿ ಊಹೆ ಮಾಡಬೇಡಿ, ಅಳೀರಿ, ಅರ್ಧ ದಿನದ ಕೆಲಸ. ಎರಡು ಉದ್ದ ಫ್ಲಾಟ್ ಪಟ್ಟಿ ತಗೊಳ್ಳಿ, ಒಂದರಲ್ಲಿ ಉದ್ದಕ್ಕೆ ಸೀಳು ಕೊಯ್ದು ಇನ್ನೊಂದನ್ನ ಅದರೊಳಗೆ ಬೋಲ್ಟ್ ಹಾಕಿ ಜಾರೋ ಹಾಗೆ ಮಾಡಿ, ಎರಡೂ ತುದೀಲಿ ನಿಮ್ಮ ಡ್ಯಾಂಪರ್ ಬೋಲ್ಟ್ ಸೈಜಿನ ತೂತು ಹಾಕಿ, ಡ್ಯಾಂಪರ್ ಕೂರೋ ಜಾಗದಲ್ಲಿ ಇದನ್ನ ಕೂರಿಸಿ. ಚಾಸೀನ ನೀವು ಅಂದ್ಕೊಂಡಿರೋ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಹಬ್ ಕೆಳಗೆ ಜಾಕ್ ಇಟ್ಟು 10 ಮಿ.ಮೀ. 10 ಮಿ.ಮೀ. ಎತ್ತುತ್ತಾ ಪ್ರತಿ ಸಲ ಮೇಲಿನ ಬೋಲ್ಟಿನ ನಡುವಿಂದ ಕೆಳಗಿನ ಬೋಲ್ಟಿನ ನಡುವಿಗೆ ಎಷ್ಟು ಅಂತ ಬರ್ಕೊಳ್ಳಿ. ಮೇಲಕ್ಕೂ ಬರೀರಿ, ಕೆಳಗೆ ಇಳಿಸಿಯೂ ಬರೀರಿ. ಇದೇ ಪಟ್ಟೀಲಿ ನಿಮಗೆ ಇನ್ನೂ ಎರಡು ವಿಷಯ ಪುಕ್ಕಟೆ ಸಿಗುತ್ತೆ: ಡ್ಯಾಂಪರ್ ಉದ್ದ ಎಷ್ಟು ಬೇಕು ಅನ್ನೋದು, ಆಮೇಲೆ ಚಕ್ರ ಪೂರ್ತಿ ಮೇಲೆ ಹೋದಾಗ ಸ್ಪ್ರಿಂಗ್ ವಿಶ್‌ಬೋನಿಗೋ ಚಾಸಿ ಪೈಪಿಗೋ ತಗಲುತ್ತಾ ಅನ್ನೋದು. ಪಟ್ಟಿ ಸಣ್ಣ, ಸ್ಪ್ರಿಂಗ್ ದಪ್ಪ, ಅದಕ್ಕೆ ಆ ಸ್ಪ್ರಿಂಗಿನ ಹೊರ ಅಳತೆಯ ರಟ್ಟಿನ ಬಿಲ್ಲೆ ಕತ್ತರಿಸಿ ಪಟ್ಟಿಗೆ ಸಿಕ್ಕಿಸಿ ನೋಡಿ.

ಉದಾಹರಣೆಗೆ ನಿಮಗೆ 0.65 ಬಂತು ಅನ್ಕೊಳ್ಳೋಣ. ಸ್ಪ್ರಿಂಗಿನ ಗಡಸು ಚಕ್ರಕ್ಕೆ ತಲುಪೋದು ಈ ಸಂಖ್ಯೆಯ ವರ್ಗದಷ್ಟು, ಅಂದ್ರೆ 0.42ರಷ್ಟು. ಚಕ್ರದಲ್ಲಿ 10.8 ಬೇಕಂದ್ರೆ ಸ್ಪ್ರಿಂಗ್ 25.6 ನ್ಯೂಟನ್ ಪ್ರತಿ ಮಿ.ಮೀ. ಇರ್ಬೇಕು, ಅಲ್ಲಿನ ಅಂಗಡಿ ಭಾಷೇಲಿ ಇಂಚಿಗೆ 146 ಪೌಂಡ್, 150ರದು ಸಿಗುತ್ತೆ ತಗೊಳ್ಳಿ. ವರ್ಗ ಅನ್ನೋದೇ ಇಲ್ಲಿ ಮುಖ್ಯ, ನಿಮ್ಮದು 0.65ರ ಬದಲು 0.55 ಆಗಿದ್ರೆ ಅದೇ ಕಾರಿಗೆ 200 ಪೌಂಡಿನ ಮೇಲೆ ಬೇಕಾಗುತ್ತೆ, ಅದಕ್ಕೇ "ನನ್ನ ಕಾರಿಗೆ 220 ಹಾಕಿದೀನಿ ಸೂಪರಾಗಿದೆ" ಅಂತ ಯಾರಾದ್ರೂ ಹೇಳಿದ್ರೆ ಅದು ಅವರ ಕಾರಿನ ಲೆಕ್ಕ, ನಿಮ್ಮದಲ್ಲ.

ಹಿಂದಿನ ಲೈವ್ ಆಕ್ಸಲ್, ಅಂದ್ರೆ ಎರಡೂ ಚಕ್ರ ಒಂದೇ ಗಟ್ಟಿ ದಂಡಕ್ಕೆ ಸೇರಿರೋದು, ಇದಕ್ಕಿಂತ ಸರಳ, ಡ್ಯಾಂಪರ್ ಹೆಚ್ಚುಕಮ್ಮಿ ನೆಟ್ಟಗೆ ಆಕ್ಸಲ್ ಮೇಲೇ ನಿಂತಿದ್ರೆ ಎರಡೂ ಚಕ್ರ ಒಟ್ಟಿಗೆ ಎದ್ದಾಗ ರೇಷಿಯೋ 1ಕ್ಕೆ ಹತ್ರ. ಆದ್ರೆ ಡಿಫರೆನ್ಷಿಯಲ್ ಗುಂಡು ಸೇರಿ ಒಂದೊಂದು ಕಡೆ 45 ಕೆಜಿ ಸ್ಪ್ರಿಂಗಿನ ಕೆಳಗೇ ಇರುತ್ತೆ, 165ರಲ್ಲಿ ಅದು ಹೋದ್ರೆ 120. ಇದಕ್ಕೆ 1.7 ಹರ್ಟ್ಜ್ ಅಂದ್ರೆ 13.7 ನ್ಯೂಟನ್, 80 ಪೌಂಡಿನ ಹತ್ರ. ಇಲ್ಲಿ ನಿಮ್ಮ ಹೆಂಡತಿಯವರ ಲೆಕ್ಕ ಬರುತ್ತೆ. ಸೆವೆನ್‌ನಲ್ಲಿ ಸೀಟು ಹಿಂದಿನ ಆಕ್ಸಲ್ಲಿಗೆ ಅಂಟಿಕೊಂಡ ಹಾಗಿರುತ್ತೆ, ಪಕ್ಕದಲ್ಲಿ ಕೂತವರ ಭಾರದಲ್ಲಿ ಹೆಚ್ಚಿನ ಪಾಲು ಹಿಂದಕ್ಕೇ ಹೋಗುತ್ತೆ. 50 ಕೆಜಿ ಹಿಂದೆ ಹೆಚ್ಚಾದ್ರೆ ಕಾರು ಹಿಂದೆ ಸುಮಾರು 18 ಮಿ.ಮೀ. ಕೂರುತ್ತೆ, ಅವರ ಕಡೆ ಇನ್ನೂ ಸ್ವಲ್ಪ ಜಾಸ್ತಿ. ದೊಡ್ಡ ಕಾರಲ್ಲಿ ಇದು ಗೊತ್ತೇ ಆಗಲ್ಲ. ಹಂಗಾಗಿ ನಿಮಗೆ ಹಿಂದೆ 100 ಪೌಂಡಿನ ಸ್ಪ್ರಿಂಗ್ ಒಳ್ಳೇದು ಅಂತ ನನ್ನ ಅಭಿಪ್ರಾಯ, ಒಬ್ಬರೇ ಹೋದಾಗ ತುಸು ಗಡಸು ಅನ್ನಿಸುತ್ತೆ ಅಷ್ಟೇ.

ಈಗ ಡ್ಯಾಂಪರಿನ ಒಳಗೆ ಹೋಗೋಣ. ಹೋಳಿ ಹಬ್ಬದ ಪಿಚಕಾರಿ ನೆನೆಸ್ಕೊಳ್ಳಿ, ಮೆಲ್ಲಗೆ ಒತ್ತಿದ್ರೆ ಸಲೀಸಾಗಿ ಹೋಗುತ್ತೆ, ಜೋರಾಗಿ ಒತ್ತಿದ್ರೆ ಕೈಗೆ ಎದುರು ಒತ್ತುತ್ತೆ. ಡ್ಯಾಂಪರಲ್ಲೂ ಎಣ್ಣೆ ಸಣ್ಣ ದಾರೀಲಿ ನುಗ್ಗಬೇಕು, ವೇಗ ಹೆಚ್ಚಾದಷ್ಟು ಬಲ ಹೆಚ್ಚು. ಇಲ್ಲಿ ಎರಡು ವೇಗ ಬೇರೆ ಬೇರೆ ಅಂತ ತಿಳ್ಕೊಂಡ್ರೆ ಅರ್ಧ ಗೊಂದಲ ಹೋಗುತ್ತೆ. ಕಾರು ತಿರುವಲ್ಲಿ ವಾಲೋದು, ಬ್ರೇಕಲ್ಲಿ ಮೂಗು ಕೆಳಗಾಗೋದು, ಇವೆಲ್ಲ ನಿಧಾನದ ಚಲನೆ, ಡ್ಯಾಂಪರ್ ಸೆಕೆಂಡಿಗೆ 100 ಮಿ.ಮೀ. ಒಳಗೇ ಚಲಿಸ್ತಿರುತ್ತೆ. ಗುಂಡಿ, ಹಂಪು, ಟ್ರ್ಯಾಕಿನ ಕರ್ಬು, ಇವು ಅದಕ್ಕಿಂತ ಎಷ್ಟೋ ಪಟ್ಟು ಜೋರು. ಹಗುರ ಕಾರಿಗೆ ಬೇಕಾಗಿರೋದು ನಿಧಾನದ ಚಲನೇಲಿ ಬಿಗಿ ಹಿಡಿತ, ಜೋರು ಹೊಡೆತ ಬಂದಾಗ ಸಡಿಲ ಬಿಡೋ ಗುಣ. ಪಿಸ್ಟನ್ ಮೇಲಿರೋ ತೆಳು ಉಕ್ಕಿನ ಬಿಲ್ಲೆಗಳನ್ನ, ಅಂದ್ರೆ ಶಿಮ್‌ಗಳನ್ನ, ಹೆಂಗೆ ಜೋಡಿಸಿದಾರೆ ಅನ್ನೋದರಲ್ಲಿ ಈ ಗುಣ ಇರುತ್ತೆ. ಹೊರಗಿನ ನಾಬ್ ತಿರುಗಿಸಿದ್ರೆ ಸಾಮಾನ್ಯವಾಗಿ ಬದಲಾಗೋದು ಸೂಜಿ ಥರದ ಒಂದು ಸಣ್ಣ ಪಕ್ಕದಾರಿ ಮಾತ್ರ, ಅದು ಮುಖ್ಯವಾಗಿ ನಿಧಾನದ ಭಾಗಾನ ಬದಲಾಯಿಸುತ್ತೆ. ಶಿಮ್ ಜೋಡಣೆ ನಿಮ್ಮ ಕಾರಿಗೆ ಸರಿ ಇಲ್ಲದಿದ್ರೆ ನಾಬ್ ಎಷ್ಟಿದ್ರೂ ಅದನ್ನ ಸರಿಪಡಿಸಕ್ಕಾಗಲ್ಲ.

ಅಂಗಡಿಯವರ ಹತ್ರ ಹೋಗೋಕೆ ಮುಂಚೆ ಕೈಯಲ್ಲಿ ಒಂದು ಸಂಖ್ಯೆ ಇಟ್ಕೊಂಡು ಹೋಗಿ. 107 ಕೆಜಿ, 1.6 ಹರ್ಟ್ಜ್ ಇದ್ರೆ ಕಾರಿನ ಮೈ ಒಂದು ಸಲಾನೂ ಎಗರದೆ ಬಂದು ನಿಲ್ಲೋದಕ್ಕೆ ಬೇಕಾದ ಡ್ಯಾಂಪಿಂಗ್, ಅಂದ್ರೆ ಕ್ರಿಟಿಕಲ್ ಅನ್ನೋದು, ಚಕ್ರದಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 2150 ನ್ಯೂಟನ್. ಪೂರ್ತಿ ಅಷ್ಟು ಹಾಕಿದ್ರೆ ಕಾರು ಕೂರಕ್ಕಾಗದಷ್ಟು ಒರಟಾಗುತ್ತೆ, ಆರಾಮದ ಕಾರುಗಳು ಅದರ ಕಾಲು ಭಾಗದ ಆಸುಪಾಸಲ್ಲಿರ್ತವೆ, ನಿಮಗೆ ನಿಧಾನದ ಚಲನೇಲಿ 60 ಪರ್ಸೆಂಟ್ ಸರಿ ಹೋಗುತ್ತೆ, ಅಂದ್ರೆ 1290. ಡ್ಯಾಂಪರ್ ಹತ್ರ ಬಂದಾಗ ಮತ್ತೆ ಆ 0.42ರಿಂದ ಭಾಗಿಸಿ, ಸುಮಾರು 3050. ಹಂಗಾದ್ರೆ ಡ್ಯಾಂಪರ್ ಸೆಕೆಂಡಿಗೆ 100 ಮಿ.ಮೀ. ಹೋಗ್ತಿರುವಾಗ ಸರಾಸರಿ 305 ನ್ಯೂಟನ್ ಕೊಡಬೇಕು. ಒತ್ತುವಾಗ, ಅಂದ್ರೆ ಬಂಪಲ್ಲಿ, ಕಮ್ಮಿ, ಬಿಡುವಾಗ, ಅಂದ್ರೆ ರಿಬೌಂಡಲ್ಲಿ, ಜಾಸ್ತಿ ಇರೋದು ರೂಢಿ, ಬಂಪ್ 220 ರಿಬೌಂಡ್ 390 ಅಂತ ಇಟ್ಕೊಳ್ಳಿ. ಅಲ್ಲಿಂದ ಮೇಲೆ ವೇಗಕ್ಕೆ ಬಲ ಎಷ್ಟು ಅನ್ನೋ ಗ್ರಾಫಿನ ಗೆರೆ ಬಾಗಿ ಚಪ್ಪಟೆ ಆಗ್ತಾ ಹೋಗಬೇಕು, ಜೋರು ಹೊಡೆತದಲ್ಲಿ 30 ಪರ್ಸೆಂಟಿನ ಹತ್ರಕ್ಕೆ ಇಳೀಬೇಕು. ಈ ಎರಡು ಸಂಖ್ಯೆ ಹಿಡ್ಕೊಂಡು ಹೋಗಿ "ನಿಮ್ಮ ಡ್ಯಾಂಪರ್ ಡೈನೋ ಗ್ರಾಫ್ ತೋರಿಸಿ" ಅಂತ ಕೇಳಿ. ಡೈನೋ ಅಂದ್ರೆ ಡ್ಯಾಂಪರ್ ಯಾವ ವೇಗದಲ್ಲಿ ಎಷ್ಟು ಬಲ ಕೊಡುತ್ತೆ ಅಂತ ಅಳೆಯೋ ಯಂತ್ರ. ಗ್ರಾಫ್ ಕೊಡೋರು, ನಿಮ್ಮ ಭಾರ, ರೇಷಿಯೋ, ಟೈರು, ಬಳಕೆ ಎಲ್ಲ ಕೇಳಿ ಅದಕ್ಕೆ ತಕ್ಕ ಹಾಗೆ ಕಟ್ಟಿಕೊಡ್ತೀನಿ ಅನ್ನೋರು, ಅವರ ಹತ್ರಾನೇ ತಗೊಳ್ಳಿ, ಹೆಸರು ಯಾವುದಾದ್ರೂ ಆಗಲಿ. ಬ್ರಿಟನ್ನಲ್ಲಿ ಸಣ್ಣ ಸಣ್ಣ ತಯಾರಕರು ಈ ಕೆಲಸ ಚೆನ್ನಾಗಿ ಮಾಡ್ತಾರೆ, ಅಲ್ಲಿ ಇರೋರಿಗೆ ಅದೊಂದು ಭಾಗ್ಯ ಅಂತಲೇ ಹೇಳ್ಬೇಕು.

ಟ್ವಿನ್ ಟ್ಯೂಬೋ ಮಾನೋಟ್ಯೂಬೋ, ಅಂದ್ರೆ ಒಂದರೊಳಗೊಂದು ಎರಡು ಕೊಳವೆ ಇರೋದೋ ಒಂದೇ ಕೊಳವೆದೋ? ಮಾನೋಟ್ಯೂಬಲ್ಲಿ ಎಣ್ಣೆ ಹಿಂದೆ ಒತ್ತಡದ ಗ್ಯಾಸ್ ಇರುತ್ತೆ, ಎಣ್ಣೇಲಿ ನೊರೆ ಬರಲ್ಲ, ಬಿಸಿ ಬೇಗ ಹೊರಗೆ ಹೋಗುತ್ತೆ, ತಲೆಕೆಳಗಾಗಿಯೂ ಕೂರಿಸಬಹುದು. ಟ್ವಿನ್ ಟ್ಯೂಬನ್ನ ತಲೆಕೆಳಗು ಹಾಕಕ್ಕಾಗಲ್ಲ, ತೀರಾ ಮಲಗಿಸಿದ್ರೂ ಗಾಳಿ ನುಗ್ಗುತ್ತೆ, ನಿಮ್ಮ ಮುಂದಿನ ಡ್ಯಾಂಪರ್ ಎಷ್ಟು ವಾಲಿದೆ ಅಂತ ತಯಾರಕರಿಗೆ ಹೇಳಿ. ಆದ್ರೆ ಹಗುರ ಕಾರಲ್ಲಿ ಮಾನೋಟ್ಯೂಬಿಂದ ಒಂದು ತೊಡಕಿದೆ. ಒಳಗೆ 20 ಬಾರ್ ಒತ್ತಡ, ರಾಡ್ 14 ಮಿ.ಮೀ. ದಪ್ಪ ಇದ್ರೆ ಆ ಗ್ಯಾಸ್ ತಾನೊಂದೇ ರಾಡನ್ನ 300 ನ್ಯೂಟನ್ನಿನಷ್ಟು ಹೊರಕ್ಕೆ ತಳ್ತಾ ಇರುತ್ತೆ. ನಿಮ್ಮ ಮುಂದಿನ ಸ್ಪ್ರಿಂಗ್ ಮೇಲೆ ಬೀಳೋ ಒಟ್ಟು ಭಾರ 1600 ನ್ಯೂಟನ್ ಇರೋವಾಗ ಅದು ಸಣ್ಣ ಪಾಲಲ್ಲ, ಸ್ಪ್ರಿಂಗ್ ಲೆಕ್ಕ ಹಾಕುವಾಗ ಇದನ್ನ ಕಳೀಬೇಕು. ಸೀಲ್ ಬಿಗಿ ಇರೋದ್ರಿಂದ ಉಜ್ಜಾಟವೂ ಸ್ವಲ್ಪ ಹೆಚ್ಚು. ನಿಮ್ಮ ಬಳಕೆಗೆ ಚೆನ್ನಾಗಿ ಕಟ್ಟಿದ, ಬಿಚ್ಚಿ ರಿಪೇರಿ ಮಾಡಬಹುದಾದ, ಅಲ್ಯೂಮಿನಿಯಂ ಮೈಯ ಟ್ವಿನ್ ಟ್ಯೂಬ್, ಒಂದೇ ನಾಬ್ ಇರೋದು ಸಾಕು ಅಂತ ನಾನು ಖಚಿತವಾಗಿ ಹೇಳ್ತೀನಿ. ಎರಡು ನಾಬ್ ಇರೋದು ಪ್ರತಿ ತಿಂಗಳು ಟ್ರ್ಯಾಕಿಗೆ ಹೋಗೋರಿಗೆ, ನೋಟ್‌ಬುಕ್ಕಲ್ಲಿ ಬರೆದಿಟ್ಟು ಒಂದೊಂದೇ ಬದಲಾವಣೆ ಮಾಡೋ ತಾಳ್ಮೆ ಇರೋರಿಗೆ. ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸಿ.

ಉದ್ದದ ವಿಷಯ ಬಿಡಬೇಡಿ, ಜನ ಹೆಚ್ಚಾಗಿ ಎಡವೋದು ಇಲ್ಲೇ. ಕಾರು ತನ್ನ ಎತ್ತರದಲ್ಲಿ ನಿಂತಾಗ ನಿಮ್ಮ ಪಟ್ಟೀಲಿ ಬೋಲ್ಟಿಂದ ಬೋಲ್ಟಿಗೆ 300 ಮಿ.ಮೀ. ಬಂತು ಅಂತಿರಲಿ. ಬಿಚ್ಚಿದಾಗ 330, ಮುಚ್ಚಿದಾಗ 235 ಇರೋ ಡ್ಯಾಂಪರ್ ಹಾಕಿದ್ರೆ ಕೆಳಗಿಳಿಯಕ್ಕೆ 30, ಮೇಲೇರಕ್ಕೆ 65 ಉಳಿಯುತ್ತೆ, ಮೂರರಲ್ಲಿ ಒಂದು ಪಾಲು ಕೆಳಕ್ಕೆ, ಎರಡು ಪಾಲು ಮೇಲಕ್ಕೆ, ಇದು ಒಳ್ಳೆ ಹಂಚಿಕೆ. ಚಕ್ರದಲ್ಲಿ ನೋಡಿದ್ರೆ 100 ಮಿ.ಮೀ. ಮೇಲೆ, 46 ಕೆಳಗೆ. ಆದ್ರೆ ಸೆವೆನ್‌ಗಳಲ್ಲಿ ಇಂಜಿನ್ ಸಂಪ್, ಅಂದ್ರೆ ಅದರ ತಳದ ಎಣ್ಣೆ ತಟ್ಟೆ, ನೆಲಕ್ಕೆ ಅಷ್ಟೇ ಹತ್ರ ಇರುತ್ತೆ, ಹಂಗಾಗಿ ಕೊನೇಲಿ ತಡೆಯೋ ರಬ್ಬರು, ಅಂದ್ರೆ ಬಂಪ್ ಸ್ಟಾಪ್, ಎಷ್ಟು ಉದ್ದ ಬೇಕು ಅನ್ನೋದನ್ನ ಸಂಪ್ ನೋಡಿ ತೀರ್ಮಾನ ಮಾಡಿ, ಸಂಪ್ ನೆಲಕ್ಕೆ ತಾಗೋಕೆ ಮುಂಚೆ, ಸ್ಪ್ರಿಂಗ್ ಸುತ್ತು ಒಂದಕ್ಕೊಂದು ಅಂಟಿಕೊಳ್ಳೋಕೆ ಮುಂಚೆ ರಬ್ಬರ್ ಹಿಡೀಬೇಕು. ಸ್ಪ್ರಿಂಗ್ ಪೂರ್ತಿ ಅಂಟಿದಾಗ ಎಷ್ಟು ಉದ್ದ ಅಂತ ಮಾರೋರು ಹೇಳ್ತಾರೆ, ಕೇಳಿ ತಗೊಳ್ಳಿ. ಇನ್ನೊಂದು, ಕಾರನ್ನ ಜಾಕ್ ಮೇಲೆ ಎತ್ತಿದಾಗ ಸ್ಪ್ರಿಂಗ್ ತನ್ನ ಜಾಗದಲ್ಲಿ ಲೊಡಲೊಡ ಅನ್ನಬಾರದು. ನಿಮ್ಮ ಮುಂದಿನ ಸ್ಪ್ರಿಂಗ್ ಭಾರಕ್ಕೆ 63 ಮಿ.ಮೀ. ಕುಗ್ಗಿರುತ್ತೆ, ಡ್ಯಾಂಪರ್ 30 ಬಿಚ್ಚಿಕೊಂಡ್ರೂ ಇನ್ನೂ 33 ಒತ್ತಡದಲ್ಲೇ ಇರುತ್ತೆ, ಹಂಗಾಗಿ ತೊಂದರೆ ಇಲ್ಲ. ಸ್ಪ್ರಿಂಗ್ ಒಳ ಅಳತೆ ಅಲ್ಲಿ 1.9 ಇಂಚು, 2.25, 2.5 ಅಂತ ಬೇರೆ ಬೇರೆ ಇದೆ, ಡ್ಯಾಂಪರ್ ತಗೊಳ್ಳೋವಾಗಲೇ ಇದನ್ನ ನೋಡಿಕೊಂಡ್ರೆ ಮುಂದೆ ಸ್ಪ್ರಿಂಗ್ ಬದಲಾಯಿಸೋದು ಸಲೀಸು.

ಡ್ಯಾಂಪರ್ ತುದೀಲಿ ಬೋಲ್ಟ್ ಕೂರೋ ತೂತಿಗೆ ಕಣ್ಣು ಅಂತಾರೆ, ಆ ಕಣ್ಣಿನ ಬುಷ್ ಪಾಲಿಯೂರಿಥೇನ್ ಸಾಕು, ಗೋಳದ ಬೇರಿಂಗ್ ರಸ್ತೇಲಿ ಮಳೆ ಕೆಸರಿಗೆ ಬೇಗ ಸವೆದು ಟಕಟಕ ಅನ್ನುತ್ತೆ. ಡ್ಯಾಂಪರ್ ಬೋಲ್ಟಿಗೆ ಎರಡೂ ಕಡೆ ಬ್ರಾಕೆಟ್ ಆಸರೆ ಇರಲೇಬೇಕು, ಒಂದೇ ಕಡೆ ನೇತು ಹಾಕಬೇಡಿ. ಐವಿಎ, ಅಂದ್ರೆ ಮನೇಲಿ ಕಟ್ಟಿದ ಕಾರಿಗೆ ಅಲ್ಲಿ ರಸ್ತೆಗಿಳಿಯೋ ಒಪ್ಪಿಗೆ ಕೊಡೋ ಪರೀಕ್ಷೆಗೆ ಹೋದಾಗ ಹೊರಗೆ ಕಾಣೋ ಬೋಲ್ಟ್ ತಲೆ, ಚೂಪು ಅಂಚುಗಳನ್ನ ಕಣ್ಣಿಟ್ಟು ನೋಡ್ತಾರೆ, ನಿಮ್ಮ ಮುಂದಿನ ಸಸ್ಪೆನ್ಷನ್ ಪೂರ್ತಿ ಬಯಲಲ್ಲೇ ಇರೋದು, ನಟ್ ಕ್ಯಾಪ್ ಈಗಲೇ ತರಿಸಿಟ್ಟಿರಿ.

ಕಾರು ಇನ್ನೂ ಪೂರ್ತಿ ಆಗಿಲ್ಲ, ತೂಕ ಎಲ್ಲಿಂದ ತರೋದು ಅಂತ ನೀವು ಕೇಳ್ತೀರ. ಇದೇ ಇಂಜಿನ್ ಹಾಕಿ ಮುಗಿಸಿರೋ ಯಾರಾದ್ರೂ ನಿಮ್ಮ ಕಡೆ ಸಿಗ್ತಾರೆ, ಅವರ ಕಾರಿನ ನಾಲ್ಕು ಮೂಲೆ ತೂಕ ಕೇಳಿ ಅದರಿಂದ ಶುರು ಮಾಡಿ. ಕಾರು ಮುಗಿದ ಮೇಲೆ ಸಮ ನೆಲದ ಮೇಲೆ, ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ, ನೀವೇ ಸೀಟಲ್ಲಿ ಕೂತು ತೂಗಿಸಿ, ಆಮೇಲೆ ಇಬ್ಬರೂ ಕೂತು ಇನ್ನೊಂದು ಸಲ. ಸ್ಪ್ರಿಂಗ್ ಬೆಲೆ ಡ್ಯಾಂಪರಿಗಿಂತ ಎಷ್ಟೋ ಕಮ್ಮಿ, ಅದನ್ನ ಬದಲಾಯಿಸಬೇಕಾಗಿ ಬಂದ್ರೆ ಬೇಜಾರು ಮಾಡ್ಕೋಬೇಡಿ.

ಮೊದಲ ಸಲ ರಸ್ತೆಗೆ ಇಳಿದಾಗ ನಾಬ್ ನಾಲ್ಕೂ ಪೂರ್ತಿ ಸಡಿಲಕ್ಕೆ ತಿರುಗಿಸಿ. ಏರಿಳಿತ, ತಿರುವು ಎಲ್ಲ ಇರೋ ಪರಿಚಿತ ರಸ್ತೆ ಒಂದನ್ನ ಆರಿಸ್ಕೊಂಡು ಪ್ರತಿ ಸಲ ಅದೇ ರಸ್ತೆ, ಅದೇ ವೇಗ. ಉಬ್ಬು ದಾಟಿದ ಮೇಲೆ ಕಾರು ಇನ್ನೊಂದು ಸಲ ತೇಲಾಡಿದ್ರೆ ಎರಡು ಕ್ಲಿಕ್ ಬಿಗಿ ಮಾಡಿ, ತೇಲೋದು ನಿಂತ ಜಾಗ ಸಿಕ್ಕಿದ ಮೇಲೆ ಮುಂದಕ್ಕೆ ಹೋಗಬೇಡಿ. ರಿಬೌಂಡ್ ಅತಿ ಬಿಗಿ ಆದ್ರೆ ಸಾಲು ಗುಂಡಿಗಳಲ್ಲಿ ಚಕ್ರ ವಾಪಸ್ ಕೆಳಗಿಳಿಯೋ ಮುಂಚೆ ಮುಂದಿನ ಗುಂಡಿ ಬಂದು ಕಾರು ಕೂರ್ತಾ ಕೂರ್ತಾ ಬಂಪ್ ಸ್ಟಾಪಿಗೆ ಇಳಿದುಬಿಡುತ್ತೆ, ಆಗ ಸ್ಪ್ರಿಂಗ್ ಮೆತ್ತಗಾಯ್ತು ಅಂತ ಸುಮಾರು ಜನ ತಪ್ಪು ತಿಳೀತಾರೆ. ಡ್ಯಾಂಪರ್ ರಾಡಿಗೆ ಒಂದು ಕೇಬಲ್ ಟೈ ಸುತ್ತಿ ಕೆಳಕ್ಕೆ ಸರಿಸಿಟ್ಟು ಹೋಗಿ, ಬಂದು ನೋಡಿದ್ರೆ ರಾಡ್ ಎಲ್ಲೀವರೆಗೆ ಒಳಗೆ ಹೋಗಿತ್ತು ಅಂತ ಅದೇ ಹೇಳುತ್ತೆ. ಕಾರು ಮುಗಿದ ಮೇಲೆ ಮೂಲೆ ತೂಕ ಬರೆದು ಕಳಿಸಿ, ಖಂಡಿತ ನೋಡಿ ಹೇಳ್ತೀನಿ.

ಪ್ರಶ್ನೆ: ನಮಸ್ಕಾರ್ರಿ ಸರ್. ನಾವು ಹುಬ್ಬಳ್ಳಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ್ರು, ಫಾರ್ಮುಲಾ ಭಾರತ್ ಸ್ಪರ್ಧೆಗೆ ಗಾಡಿ ಕಟ್ಟಾಕತ್ತೀವಿ. ಗಾಡಿ ಭಾರ 230 ಕೆಜಿ ಅಂತ ಲೆಕ್ಕ ಹಾಕೀವಿ. ಓಲಿನ್ಸ್ ಟಿಟಿಎಕ್ಸ್ 25 ಡ್ಯಾಂಪರ್ ತರ್ಸಾಕ ಅಷ್ಟು ರೊಕ್ಕ ಇಲ್ರಿ, ಮೌಂಟೇನ್ ಸೈಕಲ್ಲಿಂದು ಡಿಎನ್ಎಂ ಶಾಕ್ ಹಾಕಬೇಕಂತೀವಿ. ನಡೀತದೇನ್ರಿ?

ಉತ್ತರ: ನಡೀತದ, ಧಾರಾಳವಾಗಿ ಹಾಕಿ. ಆದ್ರೆ ಸೈಕಲ್ಲಲ್ಲಿ ಆ ಶಾಕ್ ಎಂಥ ಜಾಗದಲ್ಲಿ ಕೆಲಸ ಮಾಡ್ತಿತ್ತು ಅಂತ ಯೋಚನೆ ಮಾಡಿ. ಅಲ್ಲಿ ಹಿಂದಿನ ಚಕ್ರ ಎರಡೂವರೆಯಿಂದ ಮೂರು ಪಾಲು ಚಲಿಸಿದ್ರೆ ಶಾಕ್ ಒಂದು ಪಾಲು ಚಲಿಸುತ್ತೆ, ಹಂಗಾಗಿ ಸ್ಪ್ರಿಂಗೂ ಗಟ್ಟಿ, ವಾಲ್ವಿಂಗೂ ಗಟ್ಟಿ. ನಿಮ್ಮ ಗಾಡಿ ಚಾಲಕ ಸೇರಿ 300 ಕೆಜಿ ಅಂದ್ರೆ ಮೂಲೆಗೆ 75, ಚಕ್ರದ ಭಾಗ ಕಳೆದು 63 ಅಂತಿಟ್ಕೊಳ್ಳಿ. ನಯವಾದ ಟ್ರ್ಯಾಕು, 2.8 ಹರ್ಟ್ಜ್ ಇಡೋಣ ಅಂದ್ರೆ ಚಕ್ರದಲ್ಲಿ 19.5 ನ್ಯೂಟನ್ ಪ್ರತಿ ಮಿ.ಮೀ. ಬೇಕು. ರೇಷಿಯೋ 1ರ ಹತ್ರ ಇಟ್ರೆ ಸ್ಪ್ರಿಂಗ್ 110 ಪೌಂಡಿಂದು ಬೇಕು, ಸೈಕಲ್ ಶಾಕಿಗೆ ಅಷ್ಟು ಮೆತ್ತಂದು ಸಿಗೋದು ಕಷ್ಟ, ಸಿಕ್ಕಿದ್ರೂ ಒಳಗಿನ ವಾಲ್ವಿಂಗ್ ಅದಕ್ಕೆ ವಿಪರೀತ ಜಾಸ್ತಿ. ನಿಮ್ಮ ಕೈಲಿ ಒಂದು ಅಸ್ತ್ರ ಇದೆ, ರಾಕರ್, ಅಂದ್ರೆ ಚಕ್ರದ ಚಲನೇನ ಶಾಕಿಗೆ ತಿರುಗಿಸಿ ಕೊಡೋ ಸಣ್ಣ ತೋಳು. ಅದನ್ನ ನೀವೇ ಡಿಸೈನ್ ಮಾಡ್ತೀರಲ್ಲ, ರೇಷಿಯೋ 0.6ಕ್ಕೆ ತನ್ನಿ, ಆಗ 300 ಪೌಂಡಿನ ಸ್ಪ್ರಿಂಗ್ ಸರಿಯಾಗಿ ಕೂರುತ್ತೆ. ನಿಯಮದ ಪ್ರಕಾರ ಚಾಲಕ ಕೂತಿರುವಾಗ ಚಕ್ರಕ್ಕೆ ಕನಿಷ್ಠ 50 ಮಿ.ಮೀ. ಓಡಾಟ ಬೇಕು, 0.6ರಲ್ಲಿ ಶಾಕ್ 30 ಮಿ.ಮೀ. ಓಡುತ್ತೆ, ಸಾಕಷ್ಟು ಜಾಗ ಇದೆ. ಇದರ ಬೆಲೆ ಏನಂದ್ರೆ ಶಾಕ್ ತುಂಬಾ ನಿಧಾನಕ್ಕೆ, ಕಮ್ಮಿ ಚಲಿಸೋದ್ರಿಂದ ಸೀಲಿನ ಉಜ್ಜಾಟ, ರಾಕರ್ ಬೇರಿಂಗಿನ ಲೂಸು ಎಲ್ಲ ಎದ್ದು ಕಾಣುತ್ತೆ. ರಾಕರಿಗೆ ಒಳ್ಳೆ ಬೇರಿಂಗ್ ಹಾಕಿ, ಬುಷ್ ಹಾಕಿ ಉಳಿಸಕ್ಕೆ ಹೋಗಬೇಡಿ.

ಇನ್ನೊಂದು ಕೆಲಸ ಮಾಡಿ ಅಂತ ಒತ್ತಿ ಹೇಳ್ತೀನಿ, ಕಾಲೇಜ್ ವರ್ಕ್‌ಶಾಪಲ್ಲೇ ಒಂದು ಸಣ್ಣ ಡೈನೋ ಕಟ್ಟಿ. ಗೇರ್ ಮೋಟರು, ಅದರ ತಟ್ಟೆ ಮೇಲೆ ಪಕ್ಕಕ್ಕೆ ಒಂದು ಪಿನ್ನು, ಕನೆಕ್ಟಿಂಗ್ ರಾಡು, ಆ ತುದೀಲಿ ಶಾಕು, ಶಾಕಿನ ಇನ್ನೊಂದು ತುದೀಲಿ ಲೋಡ್ ಸೆಲ್. ಪಿನ್ ಕೇಂದ್ರದಿಂದ 25 ಮಿ.ಮೀ. ಇದ್ರೆ ಸ್ಟ್ರೋಕ್ 50, ನಿಮಿಷಕ್ಕೆ 60 ಸುತ್ತು ತಿರುಗಿಸಿದ್ರೆ ಮಧ್ಯದಲ್ಲಿ ವೇಗ ಸೆಕೆಂಡಿಗೆ ಸುಮಾರು 157 ಮಿ.ಮೀ., ನಿಮಗೆ ಬೇಕಾದ ನಿಧಾನದ ಭಾಗ ಪೂರ್ತಿ ಇದರಲ್ಲೇ ಸಿಗುತ್ತೆ. ಸ್ಪ್ರಿಂಗ್ ಬಿಚ್ಚಿ ಅಳೀರಿ. ನಾಲ್ಕು ಶಾಕನ್ನೂ ಅಳೀರಿ, ಕಮ್ಮಿ ಬೆಲೆದರಲ್ಲಿ ಒಂದೇ ಕ್ಲಿಕ್‌ನಲ್ಲಿಟ್ರೂ ಒಂದಕ್ಕೊಂದು ತಾಳೆ ಆಗದೇ ಇರಬಹುದು, ಹೊಂದೋ ಜೋಡಿ ನೋಡಿ ಎಡ ಬಲಕ್ಕೆ ಹಾಕಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಲ್ಲಿ ಡಿಸೈನ್ ಜಡ್ಜುಗಳ ಮುಂದೆ ನಿಂತಾಗ ನೀವೇ ಅಳೆದ ಗ್ರಾಫ್ ಕೈಲಿದ್ರೆ ದುಬಾರಿ ಡ್ಯಾಂಪರ್ ಹಾಕಿ ಯಾಕೆ ಅಂತ ಹೇಳಕ್ಕೆ ಬರದೇ ಇರೋ ತಂಡಕ್ಕಿಂತ ನೀವು ಮುಂದೆ ಇರ್ತೀರಿ. ಒಳ್ಳೇದಾಗಲಿ ನಿಮಗೆಲ್ಲ.

ಪ್ರಶ್ನೆ: ಸರ್, ಬೆಂಗಳೂರಲ್ಲಿ ಹಳೇ ಮಾರುತಿ 800 ಒಂದರ ಇಂಜಿನ್, ಮುಂದಿನ ಸ್ಟ್ರಟ್ ಎಲ್ಲ ತಗೊಂಡು ಎರಡು ಸೀಟಿನ ಸ್ಪೋರ್ಟ್ಸ್ ಕಾರ್ ಕಟ್ಟಬೇಕು ಅಂತಿದೀನಿ. ಸ್ಟ್ರಟ್ ತೆಗೆದು ಎರಡೂ ಕಡೆ ಕಣ್ಣಿರೋ ಕಾಯಿಲ್ ಓವರ್, ಅಂದ್ರೆ ಮೇಲೇ ಸ್ಪ್ರಿಂಗ್ ಸುತ್ತಿರೋ ಡ್ಯಾಂಪರ್, ಹಾಕಬಹುದಾ?

ಉತ್ತರ: ನೇರವಾಗಿ ಹಾಕಕ್ಕೆ ಬರಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ ಬರೀ ಡ್ಯಾಂಪರ್ ಅಲ್ಲ, ಚಕ್ರಾನ ನೆಟ್ಟಗೆ ಹಿಡಿದಿರೋ ಮೇಲಿನ ಆಧಾರವೂ ಅದೇ, ಬ್ರೇಕ್ ಹಾಕಿದಾಗ ತಿರುವಿದಾಗ ಬಗ್ಗಿಸೋ ಬಲ ಎಲ್ಲ ಅದರ ರಾಡ್ ಮೇಲೆ ಬೀಳುತ್ತೆ, ಅದಕ್ಕೇ ಆ ರಾಡು ಅಷ್ಟು ದಪ್ಪ. ಕಣ್ಣಿನ ಡ್ಯಾಂಪರ್ ಬಗ್ಗಿಸೋ ಬಲಕ್ಕೆ ಮಾಡಿದ್ದಲ್ಲ. ಒಂದೋ ಸ್ಟ್ರಟ್ಟನ್ನೇ ಇಟ್ಕೊಂಡು ಸ್ಪ್ರಿಂಗ್ ನಿಮ್ಮ ಭಾರಕ್ಕೆ ಹೊಂದಿಸಿ, ಇಲ್ಲಾ ಮೇಲೊಂದು ವಿಶ್‌ಬೋನ್ ಕೊಟ್ಟು ಪೂರ್ತಿ ಹೊಸದಾಗಿ ಡಿಸೈನ್ ಮಾಡಿ.

ಇನ್ನು ರಸ್ತೆ ವಿಷಯ. ಬ್ರಿಟನ್ನಲ್ಲಿ ಮನೇಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷೆ ಮಾಡಿ ನಂಬರ್ ಕೊಡೋ ದಾರಿ ಇದೆ, ನಮ್ಮಲ್ಲಿ ತಯಾರಕರು ಎಆರ್‌ಎಐ ಥರದ ಸಂಸ್ಥೇಲಿ ಮಾದರಿ ಪರೀಕ್ಷೆ ಮಾಡಿಸಿ ಒಪ್ಪಿಗೆ ತಗೋಬೇಕು. ಹಳೇ ಆರ್‌ಸಿ ಇಟ್ಕೊಂಡು ಅದರ ಮೇಲೆ ಬೇರೆ ಕಾರು ಕಟ್ಟೋಣ ಅಂದ್ರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ, ತಯಾರಕರು ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಗಾಡಿ ಬದಲಾಯಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಂಗಾಗಿ ಇದನ್ನ ಟ್ರ್ಯಾಕಿಗೆ ಮಾತ್ರ ಅಂತಲೇ ಯೋಚನೆ ಮಾಡಿ ಕಟ್ಟಿ, ಟ್ರೈಲರ್ ಮೇಲೆ ಸಾಗಿಸಿ, ಟ್ರ್ಯಾಕಿನವರ ಸುರಕ್ಷತಾ ನಿಯಮ ಮೊದಲೇ ಕೇಳ್ಕೊಂಡು ರೋಲ್ ಕೇಜ್ ಹಾಕಿ. ಟ್ರ್ಯಾಕಿಗೆ ಮಾತ್ರ ಅಂದ ಮೇಲೆ ಡ್ಯಾಂಪರ್ ಆಯ್ಕೆಯೂ ಸುಲಭ ಆಗುತ್ತೆ, ಬೆಂಗಳೂರಿನ ಗುಂಡಿಗಳ ಯೋಚನೆ ಇರಲ್ಲ.

ಪ್ರಶ್ನೆ: ಮಂಗಳೂರಿಂದ ಬರೀತಾ ಇದ್ದೇನೆ. ನನ್ನ ಹತ್ತಿರ ಒಂದು ಜೋಡಿ ಕೋನಿ ಕಂಪನಿಯ ಹಳೇ ಡ್ಯಾಂಪರ್, ಒಂದು ಜೋಡಿ ಗ್ಯಾಸಿನ ಮಾನೋಟ್ಯೂಬ್ ಡ್ಯಾಂಪರ್ ಉಂಟು, ಎರಡೂ ಸೆಕೆಂಡ್ ಹ್ಯಾಂಡ್. ರಾಡಲ್ಲಿ ಎಣ್ಣೆ ಪಸೆ ಉಂಟು. ಬಿಚ್ಚಿ ನಾನೇ ಎಣ್ಣೆ ಬದಲಿಸಬಹುದಾ ಮಾರಾಯ್ರೆ?

ಉತ್ತರ: ರಾಡ್ ಮೇಲೆ ತೆಳು ಪಸೆ ಇದ್ರೆ ಅದು ಸಹಜ, ಸೀಲ್ ಒಣಗದೆ ಇರಕ್ಕೆ ಅದು ಬೇಕು ಕೂಡ. ಒರೆಸಿಟ್ಟು ಬೆಳಿಗ್ಗೆ ನೋಡಿದಾಗ ಹನಿ ಕಟ್ಟಿದ್ರೆ ಸೀಲ್ ಹೋಗಿದೆ ಅಂತ ಅರ್ಥ. ಉಗುರನ್ನ ರಾಡ್ ಉದ್ದಕ್ಕೂ ಎಳೀರಿ, ಎಲ್ಲಾದ್ರೂ ತಡೆದ್ರೆ ಕ್ರೋಮ್ ಎದ್ದಿದೆ, ನಿಮ್ಮ ಕಡಲ ಗಾಳೀಲಿ ಅದು ಬೇಗ ಆಗುತ್ತೆ, ಅಂಥ ರಾಡಿಗೆ ಹೊಸ ಸೀಲ್ ಹಾಕಿದ್ರೂ ನಿಲ್ಲಲ್ಲ. ಆಮೇಲೆ ಕೋನಿನ ನೆಟ್ಟಗೆ ನಿಲ್ಲಿಸಿ ಪೂರ್ತಿ ಒತ್ತಿ ಎಳೆದು ಕೆಲವು ಸಲ ಮಾಡಿ, ನಡುವೆ ಎಲ್ಲೂ ಬಲ ತಪ್ಪಿ ಖಾಲಿ ಜಾರಿದ ಹಾಗೆ ಆಗಬಾರದು. ಹಳೇ ಕೋನಿಗಳಲ್ಲಿ ರಾಡನ್ನ ಪೂರ್ತಿ ಒಳಕ್ಕೆ ಒತ್ತಿ, ಅಲ್ಲಿ ಹಲ್ಲು ಕಚ್ಚಿಕೊಂಡ ಮೇಲೆ ತಿರುಗಿಸಿದ್ರೆ ರಿಬೌಂಡ್ ಬದಲಾಗುತ್ತೆ, ಮೊದಲು ಎರಡರಲ್ಲೂ ಅದು ತಿರುಗುತ್ತಾ ನೋಡಿ, ಪೂರ್ತಿ ಸಡಿಲದ ಕಡೆ ತಂದಿಟ್ಟು ಎರಡನ್ನೂ ಕೈಲಿ ಎಳೆದು ಹೋಲಿಸಿ.

ಮಾನೋಟ್ಯೂಬನ್ನ ಮಾತ್ರ ದಯವಿಟ್ಟು ಮನೇಲಿ ಬಿಚ್ಚಬೇಡಿ. ಒಳಗೆ 20 ಬಾರಿನ ಹತ್ರ ನೈಟ್ರೋಜನ್ ಇರುತ್ತೆ, ಒತ್ತಡ ಇಳಿಸದೆ ಮುಚ್ಚಳ ಬಿಚ್ಚಿದ್ರೆ ರಾಡೂ ಪಿಸ್ಟನ್ನೂ ಮುಖಕ್ಕೇ ಹಾರುತ್ತೆ. ಮತ್ತೆ ತುಂಬಕ್ಕೂ ನೈಟ್ರೋಜನ್ ಸಿಲಿಂಡರು, ರೆಗ್ಯುಲೇಟರು, ಸರಿಯಾದ ಸೂಜಿ ವಾಲ್ವು ಬೇಕು. ರೇಸ್ ಬೈಕಿನ ಸಸ್ಪೆನ್ಷನ್ ಸರ್ವೀಸ್ ಮಾಡೋರ ಹತ್ರ ಇವೆಲ್ಲ ಇರುತ್ತೆ, ಅವರಿಗೆ ಕೊಟ್ಟು ಮಾಡಿಸಿ, ಕೊಡುವಾಗ ನಿಮ್ಮ ಕಾರಿನ ಮೂಲೆ ತೂಕ, ಮೋಷನ್ ರೇಷಿಯೋ ಎರಡನ್ನೂ ಒಂದು ಚೀಟೀಲಿ ಬರೆದು ಜೊತೆಗೇ ಕೊಡಿ.